ಎಳೆಯ ಬೆಕ್ಕಿನ ಮರಿಗೆ ಚಿಗಟ ಹತ್ತಿದಾಗ



ತೊಗರಿ ಬೆಳೆಯುವ ನಾಡಿನಲ್ಲಿ ಬೆಕ್ಕು ಬರೀ ಮುದ್ದಿನ ಪ್ರಾಣಿಯಲ್ಲ. ಕಾಳಿನ ಚೀಲಗಳನ್ನು ಇಲಿಗಳಿಂದ ಕಾಯುವ, ಸಂಬಳ ಕೇಳದ ಕಾವಲುಗಾರ ಅದು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ರೈತರ ಮನೆಗಳಲ್ಲಿ, ವಾಡಿ ಮತ್ತು ಶಹಾಬಾದಿನ ಕಾರ್ಮಿಕರ ಮನೆಗಳಲ್ಲಿ, ಕಿರಾಣಿ ಅಂಗಡಿಗಳ ಹಿಂದಿನ ಕೋಣೆಗಳಲ್ಲಿ ಬೆಕ್ಕು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಗೋಣಿಚೀಲಗಳ ಸಂದಿಯಲ್ಲೋ, ಕಟ್ಟಿಗೆ ರಾಶಿಯ ಹಿಂದೆಯೋ ಅದು ಮರಿ ಹಾಕುತ್ತದೆ. ಒಂದೆರಡು ವಾರದ ನಂತರ ಮನೆಯ ಮಕ್ಕಳು ಮರಿಯನ್ನು ಕೈಗೆತ್ತಿಕೊಂಡಾಗ, ಅದರ ಹೊಟ್ಟೆಯ ಕೆಳಗೆ ಮತ್ತು ಕುತ್ತಿಗೆಯ ಸುತ್ತ ಕಂದುಬಣ್ಣದ ಸಣ್ಣ ಹುಳುಗಳು ಕೂದಲ ನಡುವೆ ಸರಸರನೆ ಓಡುವುದು ಕಾಣುತ್ತದೆ. ಅವೇ ಚಿಗಟಗಳು.

ಆಗ ಮನೆಗೆ ಸಲಹೆಗಳು ಒಂದರ ಹಿಂದೊಂದು ಬರುತ್ತವೆ. "ಹೊಲಕ್ಕ ಹೊಡಿಯೋ ಪುಡಿ ಒಂಚೂರು ಹಚ್ರಿ, ಎಲ್ಲಾ ಹೋಗ್ತಾವ" ಎಂದು ಒಬ್ಬರು ಹೇಳುತ್ತಾರೆ. ಸೀಮೆಎಣ್ಣೆ ಒರೆಸಿರಿ ಎಂದು ಮತ್ತೊಬ್ಬರು. ನಾಯಿಗೆ ಹಾಕುವ ಪುಡಿ ನಮ್ಮಲ್ಲಿದೆ, ಒಯ್ಯಿರಿ ಎಂದು ಮಗದೊಬ್ಬರು. ಹೇಳುವವರ ಮನಸ್ಸು ಒಳ್ಳೆಯದೇ. ಆ ಮೂರು ಉಪಾಯಗಳಿಂದ ಚಿಗಟ ಸಾಯುವುದೂ ನಿಜ. ಆದರೆ ಅದೇ ಮೂರು ಉಪಾಯಗಳಿಂದ ಮರಿಯೂ ಸಾಯಬಹುದು. ಹಾಗೆಂದು ಚಿಗಟವನ್ನು ಹಾಗೆಯೇ ಬಿಟ್ಟರೂ ಎಳೆಯ ಮರಿ ಉಳಿಯುವ ಭರವಸೆಯಿಲ್ಲ.

ಹಾಗಾದರೆ ದಾರಿ ಯಾವುದು? ಎಳೆಯ ಮರಿಯ ಮೈಗೆ ಹಣಿಗೆ, ತಾಯಿ ಬೆಕ್ಕಿಗೆ ವೈದ್ಯರು ಕೊಟ್ಟ ಔಷಧಿ, ಮಲಗುವ ಜಾಗಕ್ಕೆ ಶುಚಿ. ಈ ಮೂರು ಕೆಲಸಗಳು ಒಟ್ಟಿಗೆ ನಡೆದರೆ ವಿಷದ ಪುಡಿ ಇಲ್ಲದೆಯೇ ಮರಿಯನ್ನು ಉಳಿಸಿಕೊಳ್ಳಬಹುದು. ಅದು ಹೇಗೆಂಬುದನ್ನು ಮುಂದೆ ನೋಡೋಣ.

ಚಿಗಟದ ಬದುಕು

ಬೆಕ್ಕಿನ ಚಿಗಟವನ್ನು ವಿಜ್ಞಾನಿಗಳು ಟೆನೊಸೆಫಲೈಡಿಸ್ ಫೆಲಿಸ್ ಎಂದು ಕರೆಯುತ್ತಾರೆ. ಬೆಕ್ಕಿನ ಹೆಸರಿದ್ದರೂ ಅದು ನಾಯಿಯನ್ನೂ ಬಿಡುವುದಿಲ್ಲ, ಆಡನ್ನೂ ಬಿಡುವುದಿಲ್ಲ. ಒಂದೇ ಸೂರಿನಡಿ ಆಡು, ನಾಯಿ, ಬೆಕ್ಕು ಎಲ್ಲವೂ ಇರುವ ಮನೆಗಳಲ್ಲಿ ಚಿಗಟ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತದೆ. ಅದರ ಉದ್ದ 2ರಿಂದ 3 ಮಿಲಿಮೀಟರ್ ಅಷ್ಟೆ. ರೆಕ್ಕೆ ಇಲ್ಲ. ಎರಡೂ ಬದಿಯಿಂದ ಅದುಮಿದಂತೆ ಚಪ್ಪಟೆಯಾದ ಮೈ ಇರುವುದರಿಂದ ಕೂದಲ ನಡುವೆ ನುಸುಳುವುದು ಅದಕ್ಕೆ ಸಲೀಸು.

ಬೆಕ್ಕಿನ ಮೈಯೇರಿ ರಕ್ತ ಕುಡಿದ ಒಂದೆರಡು ದಿನಗಳಲ್ಲಿ ಹೆಣ್ಣು ಚಿಗಟ ಮೊಟ್ಟೆ ಇಡಲು ತೊಡಗುತ್ತದೆ. ದಿನಕ್ಕೆ 20ರಿಂದ 50 ಮೊಟ್ಟೆಗಳವರೆಗೆ ಇಡಬಲ್ಲದು. ನುಣುಪಾದ ಈ ಮೊಟ್ಟೆಗಳು ಹೇನಿನ ಸೀರಿನಂತೆ ಕೂದಲಿಗೆ ಅಂಟಿಕೊಳ್ಳದೆ ಬೆಕ್ಕು ಮಲಗಿದಲ್ಲಿ, ಮೈ ಕೆರೆದುಕೊಂಡಲ್ಲಿ ನೆಲಕ್ಕೆ ಉದುರುತ್ತವೆ. ಕೆಲವೇ ದಿನಗಳಲ್ಲಿ ಅವುಗಳಿಂದ ಬಿಳಿಯ ಎಳೆಯಂಥ ಮರಿಹುಳುಗಳು ಹೊರಬರುತ್ತವೆ. ಈ ಮರಿಹುಳುಗಳು ಬೆಳಕಿಗೆ ಅಂಜಿ ಕತ್ತಲೆಯ ಸಂದಿಗಳನ್ನು ಸೇರುತ್ತವೆ. ಅಲ್ಲಿ ಅವುಗಳ ಆಹಾರ, ದೊಡ್ಡ ಚಿಗಟಗಳು ಉದುರಿಸಿದ ಹಿಕ್ಕೆ. ಆ ಹಿಕ್ಕೆ ಎಂದರೆ ಒಣಗಿದ ರಕ್ತವೇ. ಆಮೇಲೆ ಮರಿಹುಳು ತನ್ನ ಸುತ್ತ ಗೂಡು ನೇಯ್ದುಕೊಂಡು, ಅದಕ್ಕೆ ದೂಳು ಮಣ್ಣು ಮೆತ್ತಿಸಿಕೊಂಡು ಒಳಗೆ ಕೂರುತ್ತದೆ. ಹವೆ ಅನುಕೂಲವಾಗಿದ್ದರೆ ಮೂರು ನಾಲ್ಕು ವಾರಗಳಲ್ಲಿ ಹೊಸ ಚಿಗಟ ಸಿದ್ಧ. ಅನುಕೂಲವಿಲ್ಲದಿದ್ದರೆ ಗೂಡಿನೊಳಗೆಯೇ ತಿಂಗಳುಗಟ್ಟಲೆ ಕಾಯಬಲ್ಲದು. ಯಾವುದಾದರೂ ಪ್ರಾಣಿ ಹತ್ತಿರ ಬಂದಾಗ ಅದರ ಬಿಸಿ, ಉಸಿರು ಮತ್ತು ನಡಿಗೆಯ ಕಂಪನ ತಿಳಿದು ಥಟ್ಟನೆ ಹೊರಗೆ ಹಾರುತ್ತದೆ. ಬಹಳ ದಿನ ಬೀಗ ಹಾಕಿದ್ದ ಕೋಣೆಯನ್ನು ತೆರೆದೊಡನೆ ಕಾಲಿಗೆ ಚಿಗಟ ಮುತ್ತುವುದು ಇದೇ ಕಾರಣದಿಂದ.

ಹೀಗಾಗಿ ನಮ್ಮ ಕಣ್ಣಿಗೆ ಬೀಳುವ ಚಿಗಟಗಳು ಇಡೀ ಸಂಸಾರದ ಸಣ್ಣ ಪಾಲು ಮಾತ್ರ. ಸ್ಥೂಲವಾಗಿ ಹೇಳುವುದಾದರೆ ನೂರರಲ್ಲಿ ಐದು ಮಾತ್ರ ಬೆಕ್ಕಿನ ಮೈಮೇಲಿರುತ್ತವೆ. ಉಳಿದವು ಮೊಟ್ಟೆ, ಮರಿಹುಳು, ಗೂಡುಗಳ ರೂಪದಲ್ಲಿ ನೆಲದಲ್ಲಿ ಇರುತ್ತವೆ. ಮರಿಯ ಮೈಗೆ ಎಷ್ಟೇ ಪುಡಿ ಹಚ್ಚಿದರೂ ಚಿಗಟ ಮತ್ತೆ ಮತ್ತೆ ಬರುವುದೇಕೆ ಎಂಬುದು ಇದರಿಂದ ತಿಳಿಯುತ್ತದೆ.

ಮರಿಗೇ ಏಕೆ ಹೆಚ್ಚಿನ ಅಪಾಯ?

ದೊಡ್ಡ ಬೆಕ್ಕಿಗೆ ಚಿಗಟ ಎಂದರೆ ತುರಿಕೆಯ ತೊಂದರೆ. ಎಳೆಯ ಮರಿಗೆ ಅದು ರಕ್ತದ ಪ್ರಶ್ನೆ. ಒಂದು ಲೆಕ್ಕ ಹಾಕಿ ನೋಡಿ. ಹುಟ್ಟಿದಾಗ ಬೆಕ್ಕಿನ ಮರಿಯ ತೂಕ ಸುಮಾರು 100 ಗ್ರಾಂ. ಹತ್ತು ಹದಿನಾಲ್ಕು ದಿನಗಳಲ್ಲಿ ಅದು 200 ಗ್ರಾಂ ಆಗುತ್ತದೆ. 200 ಗ್ರಾಂ ತೂಕದ ಮರಿಯ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 12 ಮಿಲಿಲೀಟರ್, ಅಂದರೆ ಎರಡೂವರೆ ಚಹಾ ಚಮಚ. ಹೆಣ್ಣು ಚಿಗಟವೊಂದು ದಿನಕ್ಕೆ ತನ್ನ ತೂಕದ ಸುಮಾರು 15 ಪಟ್ಟು ರಕ್ತ ಹೀರುತ್ತದೆ. ಇಂಥ 70 ಚಿಗಟಗಳು ಸೇರಿದರೆ ದಿನಕ್ಕೆ ಹೆಚ್ಚು ಕಡಿಮೆ 1 ಮಿಲಿಲೀಟರ್ ರಕ್ತ ಹೋಯಿತು. ಹನ್ನೆರಡರಲ್ಲಿ ಒಂದು ಪಾಲು, ಒಂದೇ ದಿನದಲ್ಲಿ! ಹೊಸ ರಕ್ತ ತಯಾರಿಸುವ ವೇಗ ಈ ನಷ್ಟಕ್ಕೆ ಸಾಲದು. ಕೆಲವೇ ದಿನಗಳಲ್ಲಿ ಮರಿ ರಕ್ತಹೀನತೆಯಿಂದ ಕುಸಿಯುತ್ತದೆ. "ನಿನ್ನೆ ಚೆನ್ನಾಗಿತ್ತು, ಇವತ್ತು ಸತ್ತುಹೋಯಿತು, ದೃಷ್ಟಿ ತಾಗಿರಬೇಕು" ಎನ್ನುವ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಚಿಗಟವೇ.

ಇನ್ನೊಂದು ಸಂಗತಿ ಮೈಬಿಸಿಯದು. ಮೊದಲ ವಾರಗಳಲ್ಲಿ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಹುಟ್ಟಿದ ಹೊಸತರಲ್ಲಿ ಅದಕ್ಕೆ ನಡುಗುವ ಶಕ್ತಿಯೂ ಇರುವುದಿಲ್ಲ. ತಾಯಿಯ ಮತ್ತು ಒಡಹುಟ್ಟಿದ ಮರಿಗಳ ಬಿಸಿಯಿಂದಲೇ ಅದು ಬದುಕುತ್ತದೆ. ಮೈ ಒದ್ದೆ ಮಾಡಿ ಹಾಗೆಯೇ ಬಿಟ್ಟರೆ, ಚಿಗಟ ಕೊಲ್ಲುವ ಮೊದಲೇ ಚಳಿ ಕೊಲ್ಲುತ್ತದೆ. ಮೂರನೆಯ ಸಂಗತಿ, ಮರಿಯ ಯಕೃತ್ತು ಇನ್ನೂ ಬಲಿತಿರುವುದಿಲ್ಲ. ದೊಡ್ಡ ಬೆಕ್ಕು ತಾಳಿಕೊಳ್ಳಬಹುದಾದ ಔಷಧಿಯನ್ನೂ ಅದು ತಾಳಲಾರದು.

ಮರಿಯ ಮೈಗೆ ಇವುಗಳನ್ನು ಹಚ್ಚಲೇಬೇಡಿ

ಹೊಲದ ಔಷಧಿಗಳು: ತೊಗರಿಯ ಕಾಯಿಕೊರಕಕ್ಕೆ, ಹತ್ತಿಯ ಕೀಟಗಳಿಗೆ ಹೊಡೆಯುವ ಯಾವುದೇ ಪುಡಿ ಅಥವಾ ದ್ರವ ಪ್ರಾಣಿಯ ಮೈಗಲ್ಲ. ಕೆಲವು ಔಷಧಿಗಳ ಹೆಸರಿನಿಂದಲೇ ಮೋಸ ಹೋಗುವ ಸಂಭವವಿದೆ. ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್ ಎಂಬ ಹೆಸರುಗಳು ಹೊಲದ ಬಾಟಲಿಯ ಮೇಲೂ ಇವೆ, ಬೆಕ್ಕಿನ ಚಿಗಟದ ಔಷಧಿಯ ಮೇಲೂ ಇವೆ. ಹೆಸರು ಒಂದೇ ಆದರೂ ಅವುಗಳ ತೀವ್ರತೆ ಬೇರೆ, ಬೆರೆಸಿದ ಇತರ ರಾಸಾಯನಿಕಗಳೂ ಬೇರೆ. ಹೊಲದ ಬಾಟಲಿಯಿಂದ ಒಂದು ಹನಿಯನ್ನೂ ಬಳಸಬಾರದು. ಹಳೆಯ ಕಾಲದ ಬಿ.ಎಚ್.ಸಿ. ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲಿಯೇ ನಿಷೇಧಿಸಲಾಗಿದೆ. ಅಟ್ಟದ ಮೂಲೆಯಲ್ಲಿ ಅಂಥ ಹಳೆಯ ಪೊಟ್ಟಣವೇನಾದರೂ ಉಳಿದಿದ್ದರೆ ಅದನ್ನು ಬಳಸುವ ಯೋಚನೆಯೇ ಬೇಡ.

ನಾಯಿ ಮತ್ತು ದನಗಳ ಔಷಧಿ: ನಾಯಿಯ ಚಿಗಟದ ಪುಡಿಗಳಲ್ಲಿ, ದನದ ಉಣ್ಣೆಗೆ ಹಚ್ಚುವ ದ್ರವಗಳಲ್ಲಿ ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಎಂಬ ರಾಸಾಯನಿಕಗಳು ಇರುವುದುಂಟು. ಇವನ್ನು ಕರಗಿಸಿ ಹೊರಹಾಕಲು ಬೇಕಾದ ವ್ಯವಸ್ಥೆ ನಾಯಿ, ದನಗಳ ಯಕೃತ್ತಿನಲ್ಲಿರುವಂತೆ ಬೆಕ್ಕಿನ ಯಕೃತ್ತಿನಲ್ಲಿ ಇಲ್ಲ. ಆದ್ದರಿಂದ ನಾಯಿಗೆ ಏನೂ ಮಾಡದ ಪುಡಿ ಬೆಕ್ಕಿಗೆ ನಡುಕ, ಸೆಳೆತ ತಂದು ಸಾವಿಗೆ ಕಾರಣವಾಗಬಹುದು. ಮಕ್ಕಳ ತಲೆಹೇನಿಗೆ ಔಷಧಿ ಅಂಗಡಿಯಲ್ಲಿ ಸಿಗುವ ದ್ರವಗಳಲ್ಲಿಯೂ ಪರ್ಮೆಥ್ರಿನ್ ಇರುವುದರಿಂದ ಅವೂ ಬೇಡ. ಜಿರಳೆ ಕೊಲ್ಲುವ ಸೀಮೆಸುಣ್ಣ, ಸೊಳ್ಳೆಗೆ ಹೊಡೆಯುವ ಸಿಂಪಡಣೆ ಇವುಗಳ ಮಾತೂ ಅಷ್ಟೆ.

ಮನೆಮದ್ದುಗಳು: ಸೀಮೆಎಣ್ಣೆ ಎಳೆಯ ಚರ್ಮವನ್ನು ಸುಡುತ್ತದೆ, ಅದರ ಹಬೆ ಶ್ವಾಸಕೋಶಕ್ಕೆ ಹೋಗುತ್ತದೆ. ಫಿನಾಯಿಲ್, ಡೆಟಾಲ್‌ನಂಥ ಕ್ರಿಮಿನಾಶಕಗಳು ಬೆಕ್ಕಿಗೆ ವಿಷ. ತಂಬಾಕಿನ ನೀರಿನಲ್ಲಿ ನಿಕೋಟಿನ್ ಇದೆ. ನುಸಿಗುಳಿಗೆ, ಕರ್ಪೂರ ಇವೂ ಅಪಾಯಕಾರಿ. ಬೇವಿನೆಣ್ಣೆ ನಮ್ಮ ಹಿತ್ತಲಿನದೇ ಆದರೂ ಮರಿಯ ಮೈಗೆ ಬಳಿಯುವುದು ಸರಿಯಲ್ಲ. ಸುಣ್ಣದ ಪುಡಿ, ಸಿಮೆಂಟಿನ ದೂಳು ಸುಲಭವಾಗಿ ಸಿಗುವ ಊರುಗಳಿವು. ಅವು ತೇವ ತಗುಲಿದೊಡನೆ ಚರ್ಮವನ್ನೂ ಕಣ್ಣನ್ನೂ ಸುಡುತ್ತವೆ.

ತಾಯಿ ಬೆಕ್ಕು ಮರಿಯನ್ನು ದಿನವಿಡೀ ನೆಕ್ಕುತ್ತದೆ ಎಂಬುದನ್ನು ಮರೆಯಬೇಡಿ. ಮರಿಯ ಮೈಗೆ ನೀವು ಹಚ್ಚಿದ್ದೆಲ್ಲ ತಾಯಿಯ ಹೊಟ್ಟೆ ಸೇರುತ್ತದೆ. ತಾಯಿಯ ಹೊಟ್ಟೆಗೆ ಹಚ್ಚಿದ್ದು ಮೊಲೆಯುಣ್ಣುವ ಮರಿಯ ಬಾಯಿಗೆ ಹೋಗುತ್ತದೆ.

ಹಣಿಗೆಯ ಕೆಲಸ

ಹುಟ್ಟಿ ನಾಲ್ಕು ವಾರ ತುಂಬದ ಮರಿಗೆ ಎಲ್ಲಕ್ಕಿಂತ ಸುರಕ್ಷಿತವಾದ ಉಪಾಯ ಹಣಿಗೆ. ತಲೆಹೇನು ತೆಗೆಯಲು ಮನೆಯಲ್ಲಿರುವ ಒತ್ತು ಹಲ್ಲಿನ ಹಣಿಗೆಯೇ ಸಾಕು. ಆದರೆ ಬೆಕ್ಕಿಗೆಂದು ಒಂದನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಮೊದಲು ಒಂದು ಬಟ್ಟಲಿನಲ್ಲಿ ಬಿಸಿನೀರು ತೆಗೆದುಕೊಂಡು ಸ್ವಲ್ಪ ಸೋಪು ಕರಗಿಸಿ ಪಕ್ಕದಲ್ಲಿಡಿ. ಫ್ಯಾನ್ ನಿಲ್ಲಿಸಿ, ಗಾಳಿ ಬೀಸದ ಜಾಗದಲ್ಲಿ ಕುಳಿತುಕೊಳ್ಳಿ. ತೊಡೆಯ ಮೇಲೆ ಬಿಳಿಯ ಹಳೆಯ ಬಟ್ಟೆ ಹಾಸಿ ಒಂದೇ ಒಂದು ಮರಿಯನ್ನು ತೆಗೆದುಕೊಳ್ಳಿ. ಉಳಿದವು ತಾಯಿಯ ಬಳಿಯೇ ಬೆಚ್ಚಗಿರಲಿ. ಕುತ್ತಿಗೆಯಿಂದ ಆರಂಭಿಸಿ ಬೆನ್ನು, ಬಾಲದ ಬುಡ, ಹೊಟ್ಟೆ, ತೊಡೆಯ ಸಂದಿ ಹೀಗೆ ಕೂದಲು ಬೆಳೆದ ದಿಕ್ಕಿನಲ್ಲಿಯೇ ಮೆಲ್ಲಗೆ ಬಾಚಿ. ಹಣಿಗೆಯಲ್ಲಿ ಸಿಕ್ಕಿದ ಚಿಗಟವನ್ನು ಕೂಡಲೇ ಸೋಪಿನ ನೀರಿನಲ್ಲಿ ಅದ್ದಿ. ಬರಿಯ ನೀರಿನಲ್ಲಿ ಅದು ತೇಲಿ ಹಾರಿಹೋಗಬಹುದು, ಸೋಪಿನ ನೀರಿನಲ್ಲಿ ಮುಳುಗುತ್ತದೆ. ಉಗುರಿನಿಂದ ಕುಕ್ಕಿ ಸಾಯಿಸುವ ಅಭ್ಯಾಸ ಬೇಡ. ಮುಖದ ಸುತ್ತ ಹಣಿಗೆ ಆಡಿಸದೆ, ಉಗುರು ಬೆಚ್ಚಗಿನ ನೀರಿನಲ್ಲಿ ಹಿಂಡಿದ ಹತ್ತಿಯಿಂದ ಒರೆಸಿ. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಮರಿಯನ್ನು ತಾಯಿಯಿಂದ ದೂರ ಇಡಬೇಡಿ.

ಬಿಳಿ ಬಟ್ಟೆಯ ಮೇಲೆ ಕರಿಯ ಸಣ್ಣ ಹರಳುಗಳು ಉದುರಿದರೆ ಅದು ಬರಿಯ ಮಣ್ಣೋ, ಚಿಗಟದ ಹಿಕ್ಕೆಯೋ ಎಂದು ಸುಲಭವಾಗಿ ತಿಳಿಯಬಹುದು. ಅದರ ಮೇಲೆ ಒಂದು ಹನಿ ನೀರು ಹಾಕಿ. ಕೆಂಪುಬಣ್ಣ ಹರಡಿದರೆ ಅದು ಹಿಕ್ಕೆ. ಅಂದರೆ ಕಣ್ಣಿಗೆ ಒಂದು ಚಿಗಟವೂ ಬೀಳದಿದ್ದರೂ ಅವು ಇವೆ ಎಂದೇ ಅರ್ಥ.

ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೀಗೆ ಬಾಚಿ. ಚಿಗಟದ ಸಂಖ್ಯೆ ಇಳಿದ ಮೇಲೂ ಮೂರು ನಾಲ್ಕು ವಾರಗಳವರೆಗೆ ದಿನಕ್ಕೊಮ್ಮೆಯಾದರೂ ಬಾಚುವುದನ್ನು ಮುಂದುವರಿಸಿ.

ಸ್ನಾನ ಮಾಡಿಸಬಹುದೇ?

ಚಿಗಟಗಳು ವಿಪರೀತವಾಗಿದ್ದು ಹಣಿಗೆಯಿಂದ ಸಾಲದೆ ಹೋದಾಗ ಮಾತ್ರ ಸ್ನಾನದ ಯೋಚನೆ ಮಾಡಬೇಕು. ಎರಡು ವಾರ ತುಂಬದ ಮರಿಗೆ ಆದಷ್ಟೂ ಅದನ್ನು ತಪ್ಪಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಬಾಚುವುದೇ ಮೇಲು. ಸೊರಗಿದ, ಮೈ ತಣ್ಣಗಾದ ಮರಿಗಂತೂ ಸ್ನಾನ ಕೂಡದು.

ಮಾಡಿಸಲೇಬೇಕಾದರೆ ಎಲ್ಲವನ್ನೂ ಮೊದಲೇ ಸಿದ್ಧಮಾಡಿಕೊಳ್ಳಿ. ಒಣ ಬಟ್ಟೆಗಳು ಎರಡು ಮೂರು, ಬೆಚ್ಚಗಿನ ಹಾಸಿಗೆ, ಹಣಿಗೆ ಕೈಗೆ ಎಟಕುವಂತಿರಲಿ. ನೀರು ಉಗುರು ಬೆಚ್ಚಗಿರಬೇಕು. ಮಣಿಕಟ್ಟಿನ ಒಳಭಾಗದ ಮೇಲೆ ಸುರಿದು ನೋಡಿದರೆ ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು. ಮಗುವಿಗೆ ಬಳಸುವ ಸೌಮ್ಯವಾದ ಸೋಪಿನ ನೊರೆಯನ್ನು ಮೊದಲು ಕುತ್ತಿಗೆಯ ಸುತ್ತ ಉಂಗುರದಂತೆ ಹಚ್ಚಿ. ಇಲ್ಲದಿದ್ದರೆ ನೀರು ತಾಗಿದೊಡನೆ ಚಿಗಟಗಳೆಲ್ಲ ಕಿವಿ, ಕಣ್ಣುಗಳ ಕಡೆಗೆ ಓಡುತ್ತವೆ. ನಂತರ ಕುತ್ತಿಗೆಯಿಂದ ಕೆಳಗಿನ ಭಾಗಕ್ಕೆ ಮಾತ್ರ ನೊರೆ ಹಚ್ಚಿ ಬಾಚಿ, ಅಂಥದೇ ನೀರಿನಿಂದ ತೊಳೆಯಿರಿ. ತಲೆಯನ್ನು ನೀರಿನಲ್ಲಿ ಅದ್ದಬಾರದು. ಎಲ್ಲವೂ ನಾಲ್ಕೈದು ನಿಮಿಷದಲ್ಲಿ ಮುಗಿಯಬೇಕು. ಕೂಡಲೇ ಒಣಬಟ್ಟೆಯಲ್ಲಿ ಸುತ್ತಿ, ಕೂದಲ ಬುಡದವರೆಗೆ ಒಣಗುವಂತೆ ಒರೆಸಿ, ಎದೆಗೆ ಅವಚಿಕೊಂಡು ಬೆಚ್ಚಗೆ ಮಾಡಿ ತಾಯಿಗೆ ಒಪ್ಪಿಸಿ. ಬಿಸಿಲಿನಲ್ಲಿ ಕಲ್ಲಿನ ಮೇಲೆ ಒಣಗಲು ಬಿಡುವುದು, ಫ್ಯಾನ್ ಕೆಳಗೆ ಇಡುವುದು ಎರಡೂ ತಪ್ಪು.

ಔಷಧಿ ಯಾರಿಗೆ, ಯಾವಾಗ?

ತಾಯಿ ಬೆಕ್ಕಿನ ಚಿಗಟ ಹೋಗದೆ ಮರಿಯದು ಹೋಗುವುದಿಲ್ಲ. ಮರಿಯನ್ನು ಬಾಚಿ ತಾಯಿಯ ಪಕ್ಕ ಮಲಗಿಸಿದರೆ ಗಂಟೆಯೊಳಗೆ ಹೊಸ ಚಿಗಟಗಳು ಅದನ್ನು ಏರುತ್ತವೆ. ಆದ್ದರಿಂದ ತಾಯಿಗೆ ಔಷಧಿ ಬೇಕು. ಪಶುವೈದ್ಯರ ಬಳಿ ಹೋದಾಗ, ಇದು ಹಾಲೂಡಿಸುವ ಬೆಕ್ಕು, ಮರಿಗಳಿಗೆ ಇಷ್ಟು ದಿನ ಎಂದು ಮೊದಲೇ ಹೇಳಿ. ಹಾಲೂಡಿಸುವ ತಾಯಿಗೆ ಹೊಂದುವ ಔಷಧಿಗಳಿವೆ. ಸೆಲಾಮೆಕ್ಟಿನ್ ಎಂಬ ಹನಿ ಔಷಧಿ ಅವುಗಳಲ್ಲಿ ಒಂದು. ಕತ್ತಿನ ಹಿಂಭಾಗದಲ್ಲಿ ಹಾಕುವ ಹನಿ ಪೂರ್ತಿ ಒಣಗುವವರೆಗೆ ಮರಿಗಳನ್ನು ಬೇರೆ ಕಡೆ ಬೆಚ್ಚಗಿಟ್ಟು, ಆಮೇಲೆ ಸೇರಿಸಿ.

ಮರಿಗಳಿಗೇ ಔಷಧಿ ಎಂದರೆ ವಯಸ್ಸು ಮತ್ತು ತೂಕ ಎರಡನ್ನೂ ನೋಡಬೇಕು. ನಿಟೆನ್‌ಪೈರಾಮ್ ಗುಳಿಗೆಯನ್ನು ನಾಲ್ಕು ವಾರ ತುಂಬಿ, ಸುಮಾರು 900 ಗ್ರಾಂ ತೂಗುವ ಮರಿಗೆ ಮಾತ್ರ ಕೊಡಬಹುದು. ಕತ್ತಿನ ಹನಿಗಳಲ್ಲಿ ಅನೇಕವು ಎಂಟು ವಾರ ತುಂಬಿದವುಗಳಿಗೆ. ಫಿಪ್ರೊನಿಲ್ ಸಿಂಪಡಣೆಯನ್ನು ಕೆಲವು ದೇಶಗಳಲ್ಲಿ ಎರಡು ದಿನದ ಮರಿಗೂ ಅನುಮತಿಸಿದ್ದಾರೆ. ಆದರೆ ಅದರಲ್ಲಿ ಮದ್ಯಸಾರವಿರುವುದರಿಂದ ಮರಿಯ ಮೈ ತಣ್ಣಗಾಗುವ ಅಪಾಯವಿದೆ. ಅದು ವೈದ್ಯರ ಕೈಯಿಂದಲೇ ನಡೆಯಬೇಕಾದ ಕೆಲಸ.

ತಾಯಿ ಬೆಕ್ಕು ಸಾಕಿದ್ದಲ್ಲದೆ ಬೀದಿಯದಾಗಿದ್ದು ಕೈಗೆ ಸಿಗದಿದ್ದರೆ ಒತ್ತಾಯಿಸಿ ಹಿಡಿಯಬೇಡಿ. ಅದು ಆಹಾರಕ್ಕೆ ಹೊರಗೆ ಹೋದ ಹೊತ್ತು ನೋಡಿ ಮರಿಗಳನ್ನು ಬಾಚಿ, ಹಾಸಿಗೆ ಬದಲಾಯಿಸಿ, ಅದೇ ಜಾಗದಲ್ಲಿ ಮಲಗಿಸಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಹರಿಯುವ ನೀರು ಮತ್ತು ಸೋಪಿನಿಂದ ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದಿನ ಬಗ್ಗೆ ವಿಚಾರಿಸಿ.

ಫರಸಿ ಕಲ್ಲಿನ ಸಂದಿಗಳು

ಈಗ ನೆಲದ ಮಾತಿಗೆ ಬರೋಣ. ಶಹಾಬಾದಿನ ಹೆಸರು ಹೊತ್ತ ಕಲ್ಲು ದೇಶದ ಅನೇಕ ಕಡೆ ಮನೆಗಳ ನೆಲವಾಗಿದೆ. ಅದು ಹುಟ್ಟುವ ಈ ಊರುಗಳಲ್ಲಿ ನೆಲವಷ್ಟೇ ಅಲ್ಲ, ಕಟ್ಟೆ, ಗೋಡೆ, ಮಾಳಿಗೆಗೂ ಅದೇ ಕಲ್ಲು. ಕಲ್ಲು ನುಣುಪಾಗಿದ್ದರೂ ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ದೂಳು, ಕಾಳಿನ ಹೊಟ್ಟು, ಕೂದಲು ತುಂಬಿಕೊಳ್ಳುತ್ತವೆ. ಚಿಗಟದ ಮರಿಹುಳುವಿಗೆ ಬೇಕಾದ ಕತ್ತಲೆ, ತಂಪು, ಆಹಾರ ಎಲ್ಲವೂ ಅಲ್ಲಿಯೇ ಸಿಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಳಿಯಲ್ಲಿ ತೇವ ಇರುವುದಿಲ್ಲ. ಅಂಥ ಒಣ ಬಿಸಿಯಲ್ಲಿ ಅಂಗಳದ ಮರಿಹುಳುಗಳು ಸತ್ತುಹೋಗುತ್ತವೆ. ಆದರೆ ಒಳಮನೆಯ ತಂಪಾದ ಕಲ್ಲುಸಂದಿ, ನೀರಿನ ಗಡಿಗೆ ಇಡುವ ಮೂಲೆ, ಬಚ್ಚಲಿನ ಪಕ್ಕ ಇಲ್ಲೆಲ್ಲ ಅವು ಉಳಿದುಕೊಳ್ಳುತ್ತವೆ. ಮಳೆಗಾಲ ಬಂದು ಹವೆಯಲ್ಲಿ ತೇವ ಹೆಚ್ಚಿದೊಡನೆ ಅವುಗಳ ಸಂತಾನ ಬೆಳೆಯುತ್ತದೆ. ಆದ್ದರಿಂದ ಜೂನ್ ತಿಂಗಳಿಂದ ದೀಪಾವಳಿಯವರೆಗೆ ವಿಶೇಷ ಎಚ್ಚರ ಬೇಕು.

ಮಾಡಬೇಕಾದ್ದು ಇಷ್ಟು. ಮರಿಗಳಿಗೆ ಗೋಣಿತಟ್ಟಿನ ಬದಲು ಹಳೆಯ ನೂಲಿನ ಸೀರೆ ಅಥವಾ ಧೋತರದ ತುಂಡನ್ನು ಹಾಸಿ. ಗೋಣಿಯ ಎಳೆಗಳಲ್ಲಿ ಮೊಟ್ಟೆಗಳು ಅಡಗುತ್ತವೆ, ತೊಳೆಯಲೂ ಕಷ್ಟ. ಬಟ್ಟೆಯನ್ನು ದಿನಕ್ಕೊಮ್ಮೆ ಬದಲಾಯಿಸಿ, ಸುತ್ತಿಕೊಂಡು ಹೊರಗೆ ಒಯ್ದು ಕುದಿಯುವ ನೀರಿನಲ್ಲಿ ನೆನೆಸಿ ಒಗೆಯಿರಿ. ಮನೆಯೊಳಗೆ ಜಾಡಿಸಿದರೆ ಮೊಟ್ಟೆಗಳು ಎಲ್ಲೆಡೆ ಹರಡುತ್ತವೆ. ಒಗೆದ ಬಟ್ಟೆಯನ್ನು ಮಾಳಿಗೆಯ ಮೇಲೆ ಕಡುಬಿಸಿಲಿನಲ್ಲಿ ಒಣಗಿಸಿ. ಕಲ್ಲುಗಳ ಸಂದಿಯನ್ನು ಗಟ್ಟಿ ಕಸಬರಿಗೆಯಿಂದ ಕೆದರಿ ಗುಡಿಸಿ, ಕಸವನ್ನು ಮನೆಯಿಂದ ದೂರ ಒಯ್ದು ಸುಟ್ಟುಬಿಡಿ. ಮರಿಗಳನ್ನು ಬೇರೆ ಕೋಣೆಗೆ ಸಾಗಿಸಿ ಸಂದಿಗಳಿಗೆ ಕುದಿಯುವ ನೀರು ಸುರಿದು, ನೆಲ ಪೂರ್ತಿ ಒಣಗಿದ ಮೇಲೆ ಮರಳಿ ತನ್ನಿ. ಎರಡು ಮೂರು ದಿನಕ್ಕೊಮ್ಮೆ ಹೀಗೆ ಮಾಡುತ್ತ ಒಂದು ತಿಂಗಳು ಬಿಡದೆ ನಡೆಸಿ. ಗೂಡಿನಲ್ಲಿ ಅಡಗಿದವು ಹೊರಬರಲು ಅಷ್ಟು ಕಾಲ ಬೇಕಾಗುತ್ತದೆ. ಅನುಕೂಲವಾದಾಗ ಸಂದಿಗಳಿಗೆ ಸಿಮೆಂಟು ತುಂಬಿಸಿದರೆ ಇದು ಕಾಯಂ ಪರಿಹಾರ. ಚಿಂಚೋಳಿ ಕಡೆಯ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಆಡು, ನಾಯಿಗಳೂ ಜೊತೆಗಿದ್ದರೆ ಅವುಗಳಿಗೂ ಏಕಕಾಲದಲ್ಲಿ ಚಿಕಿತ್ಸೆ ಆಗಬೇಕು.

ಅಪಾಯದ ಚಿಹ್ನೆಗಳು

ಮರಿಯ ತುಟಿಯನ್ನು ಮೆಲ್ಲಗೆ ಮೇಲೆತ್ತಿ ವಸಡು ನೋಡಿ. ಅದು ಗುಲಾಬಿ ಬಣ್ಣದ್ದಾಗಿರಬೇಕು. ಬಿಳಿಚಿಕೊಂಡಿದ್ದರೆ ರಕ್ತ ತೀರ ಕಡಿಮೆಯಾಗಿದೆ ಎಂದು ತಿಳಿಯಿರಿ. ಮೊಲೆ ಹಿಡಿಯಲು ಶಕ್ತಿಯಿಲ್ಲದಿರುವುದು, ಒಂದೇ ಸಮನೆ ಅತ್ತು ಆಮೇಲೆ ಸದ್ದಿಲ್ಲದಿರುವುದು, ಮೈ ತಣ್ಣಗಿರುವುದು, ಉಸಿರು ವೇಗವಾಗಿರುವುದು ಇವೂ ಅಪಾಯದ ಚಿಹ್ನೆಗಳೇ. ತೂಕವೂ ಒಳ್ಳೆಯ ಅಳತೆ. ಆರೋಗ್ಯವಂತ ಮರಿ ದಿನಕ್ಕೆ ಸುಮಾರು 10 ಗ್ರಾಂ ಅಥವಾ ಅದಕ್ಕಿಂತ ತುಸು ಹೆಚ್ಚು ತೂಕ ಪಡೆಯುತ್ತದೆ. ಸಣ್ಣ ತೂಕದ ಯಂತ್ರದಲ್ಲಿ ದಿನವೂ ತೂಗಿ ಬರೆದಿಡಿ. ಎರಡು ದಿನ ತೂಕ ಏರದಿದ್ದರೆ ತಡಮಾಡಬೇಡಿ.

ಇಂಥ ಮರಿಗೆ ಮೊದಲ ಉಪಚಾರ ಬಿಸಿ. ಬಾಟಲಿಯಲ್ಲಿ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮೈ ತಣ್ಣಗಿರುವಾಗ ಬಾಯಿಗೆ ಹಾಲು ಹಾಕಬಾರದು, ಅದು ಜೀರ್ಣವಾಗುವುದಿಲ್ಲ, ಶ್ವಾಸಕೋಶಕ್ಕೂ ಇಳಿಯಬಹುದು. ಬೆಚ್ಚಗೆ ಮಾಡುತ್ತಲೇ ವೈದ್ಯರ ಬಳಿಗೆ ಒಯ್ಯಿರಿ. ಆಗಲೇ ಯಾರಾದರೂ ವಿಷದ ಪುಡಿ ಹಚ್ಚಿದ್ದು, ಮರಿ ಜೊಲ್ಲು ಸುರಿಸುತ್ತ ನಡುಗುತ್ತಿದ್ದರೆ ಉಗುರು ಬೆಚ್ಚಗಿನ ಸೋಪಿನ ನೀರಿನಿಂದ ಬೇಗ ತೊಳೆದು, ಒಣಗಿಸಿ, ಬೆಚ್ಚಗೆ ಸುತ್ತಿ ಆಸ್ಪತ್ರೆಗೆ ಧಾವಿಸಿ. ಔಷಧಿಯ ಪೊಟ್ಟಣವನ್ನು ಜೊತೆಗೆ ಒಯ್ಯಲು ಮರೆಯದಿರಿ. ಏನು ಹಚ್ಚಿದ್ದೆಂದು ನಾಚಿಕೆಪಟ್ಟು ಮುಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ತಾಲ್ಲೂಕು ಕೇಂದ್ರಗಳ ಸರಕಾರಿ ಪಶು ಆಸ್ಪತ್ರೆಗಳು ದನಕರುಗಳಿಗೆ ಮಾತ್ರ ಎಂಬ ಭಾವನೆ ಬೇಡ, ಬೆಕ್ಕನ್ನೂ ಅಲ್ಲಿ ತೋರಿಸಬಹುದು. ಪಶುಸಂಗೋಪನಾ ಇಲಾಖೆಯ 1962 ಸಹಾಯವಾಣಿಗೆ ಕರೆ ಮಾಡಿ ಹತ್ತಿರದ ವೈದ್ಯರ ಬಗ್ಗೆ ಕೇಳಬಹುದು. ಚಿಂಚೋಳಿ ಭಾಗದವರಿಗೆ ಬೀದರದ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ.

ನಮಗೇನಾದರೂ ತೊಂದರೆಯೇ?

ಚಿಗಟ ಎಂದೊಡನೆ ಹಿರಿಯರಿಗೆ ಪ್ಲೇಗ್ ನೆನಪಾಗುವುದು ಸಹಜ. 1898ರಲ್ಲಿ ಬೆಂಗಳೂರು ಪ್ಲೇಗಿನಿಂದ ತತ್ತರಿಸಿತ್ತು. ಅದೇ ವರ್ಷ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊನ್ ಕರಾಚಿಯಲ್ಲಿ ಪ್ರಯೋಗ ನಡೆಸಿ, ಈ ರೋಗ ಇಲಿಯಿಂದ ಇಲಿಗೆ ಚಿಗಟದ ಮೂಲಕ ಹರಡುತ್ತದೆ ಎಂದು ತೋರಿಸಿದರು. 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿಯೂ ಗುಜರಾತಿನ ಸೂರತ್‌ನಲ್ಲಿಯೂ ಪ್ಲೇಗಿನ ಭೀತಿ ಹಬ್ಬಿತ್ತು. ಆದರೆ ಪ್ಲೇಗನ್ನು ಮುಖ್ಯವಾಗಿ ಹರಡುವುದು ಇಲಿಯ ಚಿಗಟ, ಅದು ಬೇರೆ ಜಾತಿ. ಮನೆಯ ಬೆಕ್ಕಿನ ಚಿಗಟ ಕಂಡು ಹೆದರಿ ಮರಿಗಳನ್ನು ಊರಾಚೆ ಎಸೆದು ಬರುವ ಕಾರಣವಿಲ್ಲ.

ಹಾಗೆಂದು ಉದಾಸೀನವೂ ಸಲ್ಲದು. ಚಿಗಟ ಕಚ್ಚಿದರೆ ಮಕ್ಕಳ ಕಣಕಾಲಿನ ಸುತ್ತ ಕೆಂಪು ಗುಳ್ಳೆ, ತುರಿಕೆ ಆಗುತ್ತದೆ. ಚಿಗಟವನ್ನು ನುಂಗಿದ ಬೆಕ್ಕಿಗೆ ಲಾಡಿಹುಳು ತಗಲುತ್ತದೆ, ಅಪರೂಪಕ್ಕೆ ಸಣ್ಣ ಮಕ್ಕಳಿಗೂ. ಬೆಕ್ಕಿನ ಮಲದಲ್ಲಿ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ವೈದ್ಯರಿಗೆ ತಿಳಿಸಿ. ಬೆಕ್ಕಿನ ಉಗುರಿಗೆ ಹತ್ತಿದ ಚಿಗಟದ ಹಿಕ್ಕೆಯಿಂದ, ಪರಚಿದಾಗ ಜ್ವರ ಬರುವುದೂ ಉಂಟು. ಮರಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿ.

ಕೊನೆಯದಾಗಿ, ಈ ಕೆಲಸಕ್ಕೆ ಬೇಕಾದ ಖರ್ಚು ಕಡಿಮೆ. ಒಂದು ಹಣಿಗೆ, ಒಂದು ತುಂಡು ಸೋಪು, ನಾಲ್ಕು ಹಳೆಯ ಬಟ್ಟೆ. ಬೇಕಾಗುವುದು ಒಂದು ತಿಂಗಳ ತಾಳ್ಮೆ. ಪುಡಿ ಹಚ್ಚುವುದು ಒಂದು ನಿಮಿಷದ ಕೆಲಸವಾದ್ದರಿಂದಲೇ ಅದರ ಕಡೆಗೆ ಮನಸ್ಸು ಎಳೆಯುತ್ತದೆ. ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಬೆಕ್ಕು ಮರಿ ಹಾಕಿದ್ದರೆ ಇಂದೇ ಒಂದು ಮರಿಯನ್ನು ಬಿಳಿಯ ಬಟ್ಟೆಯ ಮೇಲೆ ಬಾಚಿ ನೋಡಿ. ಕರಿಯ ಹರಳು ಉದುರಿದರೆ ಒಂದು ಹನಿ ನೀರು ಹಾಕಿ. ಕೆಂಪಾದರೆ ಇಂದಿನಿಂದಲೇ ಕೆಲಸ ಆರಂಭಿಸಿ.